ಡಿಲೇಗೆ ಬೇರೆ ಅಡಾಪ್ಟರ್: ನನ್ನ ಪೆಡಲ್‌ಬೋರ್ಡಿನ ಸಿಳ್ಳೆ ನಿಂತದ್ದು ಹೀಗೆ

ಗಣೇಶನ ಹಬ್ಬದ ಆರ್ಕೆಸ್ಟ್ರಾ. ಒಂದು ಹಾಡು ಮುಗಿದು ನಿರೂಪಕರು ಮೈಕ್ ಹಿಡಿದಿದ್ದರು. ಆ ಹೊತ್ತಿಗೆ ನನ್ನ ಗಿಟಾರಿನ ಆಂಪ್‌ನಿಂದ ಸಣ್ಣಗೆ ಸಿಳ್ಳೆ ಕೇಳತೊಡಗಿತು. ಓವರ್‌ಡ್ರೈವ್ ಪೆಡಲ್ ಒತ್ತಿದರೆ ಇನ್ನೂ ಜೋರು. ಕೀಬೋರ್ಡ್ ನುಡಿಸುವ ಅಣ್ಣ ತಿರುಗಿ ನೋಡಿದರು. ಮುಂದಿನ ಹಾಡು ಶುರುವಾದ ಮೇಲೆ ಅದು ಮುಚ್ಚಿಹೋಯಿತು, ಆದರೆ ನನ್ನ ಕಿವಿಯಿಂದ ಹೋಗಲಿಲ್ಲ.

ಗಿಟಾರಿನ ದನಿ ಬದಲಿಸಲು ಕಾಲಿನಿಂದ ಒತ್ತುವ ಪುಟ್ಟ ಡಬ್ಬಿಗಳೇ ಪೆಡಲ್. ಆಗ ನನ್ನ ಬೋರ್ಡಿನಲ್ಲಿ ಐದು ಪೆಡಲ್ ಇದ್ದವು: ಟ್ಯೂನರ್, ಕಂಪ್ರೆಸರ್, ಓವರ್‌ಡ್ರೈವ್, ಕೋರಸ್, ಮತ್ತೆ ದನಿಯನ್ನು ಪ್ರತಿಧ್ವನಿಯಂತೆ ಮರಳಿಸುವ ಡಿಜಿಟಲ್ ಡಿಲೇ. ಎಲ್ಲಕ್ಕೂ ಒಂದೇ ಅಡಾಪ್ಟರ್, ಅದಕ್ಕೆ ಐದು ತಲೆಯ ಡೈಸಿ ಚೈನ್ ವೈರ್. ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು: "ಐಸೊಲೇಟೆಡ್ ಸಪ್ಲೈ ತಗೋ ಮಾರಾಯ, ಎಲ್ಲ ಸರಿಹೋಗುತ್ತೆ." ಅಂದರೆ ಔಟ್‌ಪುಟ್‌ಗಳಿಗೆ ಒಳಗೆ ಒಂದಕ್ಕೊಂದು ಸಂಪರ್ಕವಿಲ್ಲದ ಪವರ್ ಸಪ್ಲೈ. ಒಳ್ಳೆ ಹೆಸರಿನದು ಹತ್ತು ಸಾವಿರ ದಾಟುತ್ತಿತ್ತು. ನನ್ನ ಗಿಟಾರಿನ ಬೆಲೆಯೇ ಹೆಚ್ಚುಕಮ್ಮಿ ಅಷ್ಟು. ಹಾಗಾಗಿ ದುಡ್ಡು ಸುರಿಯುವ ಮೊದಲು ಸಿಳ್ಳೆ ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಕೂತೆ.

ಮೊದಲು ತಂತಿ ಮುಟ್ಟಿ ನೋಡಿದೆ. ಮುಟ್ಟಿದಾಗ 'ಗುಂಯ್' ಎನ್ನುವ ಸದ್ದು ಕಡಿಮೆಯಾದರೆ ಅದು ಗಿಟಾರ್ ಹಿಡಿಯುತ್ತಿರುವ ಸದ್ದು, ಪವರ್ ಸಪ್ಲೈ ಬದಲಿಸಿ ಪ್ರಯೋಜನವಿಲ್ಲ. ನನ್ನ ಸಿಳ್ಳೆ ಮುಟ್ಟಿದರೂ ಹಾಗೇ ಇತ್ತು. ಆಮೇಲೆ ಡಿಲೇಯನ್ನು ಚೈನಿನಿಂದ ಬಿಡಿಸಿ, ಅದಕ್ಕೆ ಮಾತ್ರ 9 ವೋಲ್ಟ್ ಬ್ಯಾಟರಿ ಹಾಕಿದೆ. ಸದ್ದು ನಿಂತೇ ಹೋಯಿತು. ಇಡೀ ಹುಡುಕಾಟದಲ್ಲಿ ನನಗೆ ಹೆಚ್ಚು ಕಲಿಸಿದ್ದು ಆ ಒಂದು ಬ್ಯಾಟರಿ.

ಕಾರಣ ಇಷ್ಟೇ. ಡಿಜಿಟಲ್ ಪೆಡಲ್ ಒಳಗೆ ಚಿಪ್‌ಗೆ ತಾಳ ಕೊಡುವ ಕ್ಲಾಕ್ ಓಡುತ್ತಿರುತ್ತದೆ. ಅದು ಕರೆಂಟನ್ನು ಒಂದೇ ಸಮ ಎಳೆಯುವುದಿಲ್ಲ, ಗುಟುಕು ಗುಟುಕಾಗಿ ಎಳೆಯುತ್ತದೆ. ಡೈಸಿ ಚೈನಿನಲ್ಲಿ ಎಲ್ಲರ ಗ್ರೌಂಡ್, ಅಂದರೆ ಕರೆಂಟ್ ಮರಳುವ ಮೈನಸ್ ದಾರಿ, ಒಂದೇ ವೈರಿನಲ್ಲಿ ಓಡುತ್ತದೆ, ಆಡಿಯೊ ಕೇಬಲ್ ಮೂಲಕ ಇನ್ನೊಂದು ಸಲ ಸೇರುತ್ತದೆ. ಹಾಗಾಗಿ ಡಿಲೇಯ ಗಲಾಟೆ ಓವರ್‌ಡ್ರೈವ್‌ಗೂ ತಲುಪುತ್ತದೆ. ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವುದೇ ಓವರ್‌ಡ್ರೈವ್ ಕೆಲಸ ಅಲ್ವಾ, ಗಲಾಟೆಯನ್ನೂ ದೊಡ್ಡದು ಮಾಡುತ್ತದೆ. ಉಳಿದ ನಾಲ್ಕು ಪೆಡಲ್‌ಗಳು ಚೈನಿನಲ್ಲಿ ತೆಪ್ಪಗೆ ಇದ್ದವು. ಅಂದರೆ ನನಗೆ ಬೇಕಿದ್ದದ್ದು ಐದು ಬೇರೆ ಬೇರೆ ಔಟ್‌ಪುಟ್ ಅಲ್ಲ, ಡಿಲೇಗೆ ಒಂದು ಪ್ರತ್ಯೇಕ ದಾರಿ.

ಆದರೂ ಆಸೆ ಬಿಡಲಿಲ್ಲ. ಕಡಿಮೆ ಬೆಲೆಗೆ, ಡಬ್ಬದ ಮೇಲೆ 'ಐಸೊಲೇಟೆಡ್' ಎಂದು ಬರೆದಿದ್ದ ಒಂದು ಸಪ್ಲೈ ತಂದೆ. ಹಾಕಿದರೆ ಅದೇ ಸಿಳ್ಳೆ. ಆಗ ಮಲ್ಟಿಮೀಟರ್ ತೆಗೆದೆ. ಸಪ್ಲೈಯನ್ನು ಗೋಡೆಯ ಪ್ಲಗ್‌ನಿಂದ ಕಿತ್ತು, ಪೆಡಲ್‌ಗಳನ್ನೂ ಬಿಡಿಸಿ, ಮೀಟರನ್ನು ಬೀಪ್ ಹೊಡೆಯುವ ಮೋಡ್‌ಗೆ ತಿರುಗಿಸಿದೆ. ಎರಡು ಔಟ್‌ಪುಟ್ ಪಿನ್‌ಗಳ ನಡುವಿನ ಲೋಹಕ್ಕೆ, ಅಂದರೆ ಮೈನಸ್‌ಗೆ, ಒಂದೊಂದು ಕಡ್ಡಿ ಮುಟ್ಟಿಸಿದೆ. ಬೀಪ್ ಅಂದಿತು. ಇನ್ನೆರಡಕ್ಕೂ ಬೀಪ್. ಎಲ್ಲ ಗ್ರೌಂಡ್ ಒಳಗೆ ಒಂದೇ. ಅದು ಅಂದದ ಡಬ್ಬಿಯೊಳಗೆ ಕೂತ ಡೈಸಿ ಚೈನ್ ಅಷ್ಟೇ. ನಿಜವಾಗಿ ಐಸೊಲೇಟೆಡ್ ಆಗಿದ್ದರೆ ಬೀಪ್ ಬರಬಾರದು. ಮೀಟರ್ ಇಲ್ಲದವರು ಅಂಗಡಿಯಲ್ಲೇ ಈ ಪರೀಕ್ಷೆ ಮಾಡಿಸಿಕೊಳ್ಳಿ. ಕೇಳಲು ಸಂಕೋಚ ಬೇಡ.

ಅದನ್ನು ವಾಪಸ್ ಕೊಟ್ಟು, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಡಿಲೇ ಪೆಡಲ್, ಗಿಟಾರ್, ಬ್ಯಾಟರಿಯಲ್ಲಿ ಓಡುವ ಪುಟ್ಟ ಹೆಡ್‌ಫೋನ್ ಆಂಪ್ ಎಲ್ಲ ಜೊತೆಗೆ ಒಯ್ದೆ. ಮೂರು ಅಡಾಪ್ಟರ್ ಹಾಕಿ ಕೇಳಿದೆ. ಎರಡರಲ್ಲಿ ಅಡಾಪ್ಟರಿನದೇ ಕಿರುಗುಟ್ಟುವಿಕೆ ಇತ್ತು. ಮೂರನೆಯದು ಮೌನ. 350 ರೂಪಾಯಿ ಕೊಟ್ಟು ಅದನ್ನೇ ತಂದೆ.

ಕೊಳ್ಳುವಾಗ ನಾನು ನೋಡಿದ್ದು ಮೂರೇ ವಿಷಯ. ವೋಲ್ಟೇಜ್ ಪೆಡಲ್ ಕೇಳಿದಷ್ಟೇ ಇರಬೇಕು, ನನ್ನವೆಲ್ಲ 9 ವೋಲ್ಟ್ ಡಿಸಿ. ಪಿನ್ನಿನ ನಡುವೆ ಮೈನಸ್ ಇರಬೇಕು, ಈಗಿನ ಬಹುತೇಕ ಪೆಡಲ್‌ಗಳದು ಹಾಗೇ. ಮಿಲಿಆಂಪ್, ಅಂದರೆ ಅಡಾಪ್ಟರ್ ಕೊಡಬಲ್ಲ ಕರೆಂಟು, ಮಾತ್ರ ಜಾಸ್ತಿ ಇದ್ದರೆ ತೊಂದರೆಯಿಲ್ಲ. 500 ಮಿಲಿಆಂಪ್ ಅಡಾಪ್ಟರ್ ಹಾಕಿದರೆ ಪೆಡಲ್ ಸುಟ್ಟುಹೋಗುತ್ತೆ ಅನ್ನುವವರಿದ್ದಾರೆ. ಹಾಗಿಲ್ಲ, ಪೆಡಲ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆಯಾದರೆ ಮಾತ್ರ ಕಷ್ಟ. ನನ್ನ ಡಿಲೇ 55 ಮಿಲಿಆಂಪ್ ಕೇಳುತ್ತದೆ, ಓವರ್‌ಡ್ರೈವ್ 10ರ ಒಳಗೆ. ಒಂದು ಅಡಾಪ್ಟರಿಗೆ ಸೇರುವ ಪೆಡಲ್‌ಗಳ ಮೊತ್ತ ಹಾಕಿ, ಮೂರನೇ ಒಂದು ಭಾಗ ಮೇಲೆ ಸೇರಿಸಿ ಲೆಕ್ಕ ಹಿಡಿದೆ. ಲೈನ್ 6 ಕಂಪನಿಯ ಹಳೆಯ ಹಸಿರು ಡಿಎಲ್-4 ಡಿಲೇ ಯಾರ ಹತ್ತಿರವಾದರೂ ಇದ್ದರೆ ಗಮನವಿಡಿ. ಅದು ಕೇಳುವುದು 9 ವೋಲ್ಟ್ ಎಸಿ, ಡಿಸಿ ಅಲ್ಲ.

ಪಿನ್ನಿನ ವಿಷಯ ನನಗೆ ಪೆಟ್ಟು ತಿಂದು ಗೊತ್ತಾದದ್ದು. ಒಮ್ಮೆ ರಿಹರ್ಸಲ್‌ಗೆ ಅಡಾಪ್ಟರ್ ಮರೆತು ಬಂದೆ. ಅಲ್ಲಿದ್ದ ವೈಫೈ ರೌಟರಿನದು ಸರಿಯಾಗಿ ಕೂತಿತು. ಅದು 12 ವೋಲ್ಟ್, ನಡುವೆ ಪ್ಲಸ್. ಸುಟ್ಟ ವಾಸನೆ ಬಂದಾಗಲೇ ಗೊತ್ತಾಯಿತು. ರಿಪೇರಿಯವರು ತಳ ಬಿಚ್ಚಿ, "ಡಯೋಡ್ ತಾನು ಸತ್ತು ಪೆಡಲ್ ಉಳಿಸಿದೆ ಸಾರ್" ಎಂದರು. ಉಲ್ಟಾ ಕರೆಂಟಿನಿಂದ ಪೆಡಲ್ ಕಾಯುವ ಪುಟ್ಟ ಭಾಗ ಅದು. ಅವರು ಹೊಸದು ಹಾಕಿದ ಡಯೋಡಿನ ಬೆಲೆ ಕೆಲವೇ ರೂಪಾಯಿ. ಎಲ್ಲ ಪೆಡಲ್‌ನಲ್ಲೂ ಆ ಡಯೋಡ್ ಇರುವುದಿಲ್ಲ.

ಇನ್ನೊಂದು ಮಾತು. ಪೆಂಡಾಲಿನಲ್ಲಿ ಗುಂಯ್‌ಗುಟ್ಟುವ ಸದ್ದು ತಾಳದೆ ಕೆಲವರು ಆಂಪ್ ಪ್ಲಗ್‌ನ ಅರ್ಥ್ ಪಿನ್ ಕಿತ್ತುಬಿಡುತ್ತಾರೆ. ದಯವಿಟ್ಟು ಬೇಡ. ಸದ್ದು ಕಡಿಮೆಯಾಗಬಹುದು, ಆದರೆ ಆಂಪ್‌ನಲ್ಲಿ ಏನಾದರೂ ಕೆಟ್ಟರೆ ಗಿಟಾರಿನ ತಂತಿಯಲ್ಲೇ 230 ವೋಲ್ಟ್ ಬರಬಹುದು. ಒಂದು ಕೈ ತಂತಿ ಮೇಲೆ, ತುಟಿ ಮೈಕ್ ಮೇಲೆ ಇರುವವನಿಗೆ ಅದು ಜೀವದ ಪ್ರಶ್ನೆ.

ಈಗ ನಾಲ್ಕು ಪೆಡಲ್ ಹಳೆಯ ಚೈನಿನಲ್ಲೇ ಇವೆ, ಡಿಲೇ ಒಂದು ಬೇರೆ. ಜನರೇಟರ್ ಕರೆಂಟಿನಲ್ಲೂ ಹಾಡುಗಳ ನಡುವೆ ಆಂಪ್ ಸುಮ್ನೆ ಕೂತಿರುತ್ತದೆ. ಒಂದು ರಿವರ್ಬ್ ಪೆಡಲ್ ಕೊಳ್ಳಬೇಕು ಅಂತಿದ್ದೇನೆ. ಅದೂ ಡಿಜಿಟಲ್, 100 ಮಿಲಿಆಂಪ್ ಎಳೆಯುತ್ತದೆ. ಬೋರ್ಡಿನ ತಳದಲ್ಲಿ ಮೂರನೇ ಅಡಾಪ್ಟರಿಗೆ ಜಾಗ ಅಳತೆ ಮಾಡಿಟ್ಟಿದ್ದೇನೆ.