ಫಿಲ್ಟರ್ ಯಾವಾಗ ಬದಲಿಸಬೇಕು: ಉಸಿರು ಹೇಳುವುದು, ಮೂಗು ಹೇಳದಿರುವುದು

ಮರ ಉಜ್ಜಿ ನುಣುಪು ಮಾಡಿ ಸ್ಪ್ರೇ ಗನ್ನಿನಲ್ಲಿ ಬಣ್ಣ ಹೊಡೆಯುವುದು ನನ್ನ ಕಸುಬು. ರಬ್ಬರ್ ಮಾಸ್ಕ್ ಒಂದೇ, ಆದರೆ ದೂಳಿಗೆ ಒಂದು ಫಿಲ್ಟರ್, ಥಿನ್ನರಿನ ಆವಿಗೆ ಇದ್ದಿಲು ತುಂಬಿದ ಇನ್ನೊಂದು ಡಬ್ಬಿ. ಎರಡರ ಆಯುಸ್ಸನ್ನೂ ಒಂದೇ ಲೆಕ್ಕದಲ್ಲಿ ಅಳೆಯಬಾರದು.

ದೂಳಿನ ಫಿಲ್ಟರ್ ತಾನೇ ಹೇಳುತ್ತದೆ. ಕಣಗಳು ತುಂಬಿದಂತೆ ಉಸಿರೆಳೆಯುವುದು ಬಿಗಿಯಾಗುತ್ತದೆ. ಹೊಸದು ಹಾಕಿದ ದಿನದ ಹಗುರ ನೆನಪಿರಲಿ. ಅದು ತಪ್ಪಿತೆಂದು ಅನ್ನಿಸಿದರೆ, ಹರಿದರೆ, ಒದ್ದೆಯಾದರೆ ಬದಲಿಸಿ. ಕಂಪ್ರೆಸರಿನಿಂದ ಊದಬೇಡಿ, ತೊಳೆಯಬೇಡಿ. ಹಲವು ಫಿಲ್ಟರುಗಳ ನಾರಿನಲ್ಲಿ ವಿದ್ಯುದಾವೇಶವಿರುತ್ತದೆ. ಅತಿ ಸಣ್ಣ ಕಣಗಳನ್ನು ಹಿಡಿಯಲು ಅದು ಬೇಕೇ ಬೇಕು. ಸೋಪು, ಸ್ಪಿರಿಟ್ ತಾಗಿದರೆ ಅದು ನಾಶವಾಗುತ್ತದೆ.

ಇದ್ದಿಲಿನ ಡಬ್ಬಿ ಹಾಗಲ್ಲ. ಅದು ಪೂರ್ತಿ ತುಂಬಿದ ಮೇಲೂ ಉಸಿರು ಸಲೀಸಾಗಿಯೇ ಆಡುತ್ತದೆ. ಒಂದು ಮಧ್ಯಾಹ್ನ ನನಗೆ ವಾಸನೆಯೇನೂ ಇರಲಿಲ್ಲ, ತಲೆ ಮಾತ್ರ ಸಿಡಿಯುತ್ತಿತ್ತು. ಹೊರಗೆ ಹೋಗಿ ಗಾಳಿ ಕುಡಿದು ಬಂದು ಅದೇ ಮಾಸ್ಕ್ ತೊಟ್ಟರೆ ಒಳಗೆಲ್ಲ ಥಿನ್ನರ್ ನಾತ! ಮೆಲ್ಲಮೆಲ್ಲನೆ ಹೆಚ್ಚಿದ ವಾಸನೆಗೆ ಮೂಗು ಒಗ್ಗಿಹೋಗಿತ್ತು. ವಾಸನೆ ಬಂದರೆ ಕೂಡಲೇ ಹೊರಗೆ ಬಂದು ಬದಲಿಸಿ, ಆದರೆ ಅದು ಬರಲಿ ಎಂದು ಕಾಯಬೇಡಿ.

ಹಾಗಾದರೆ ಲೆಕ್ಕ ಹೇಗೆ? ತಯಾರಕರು ಕೊಡುವ ಆಯುಸ್ಸಿನ ಕೋಷ್ಟಕವೇ ಆಧಾರ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಒಂದು ಸ್ಥೂಲ ಅಂದಾಜು ಕೊಟ್ಟಿದೆ: ದ್ರಾವಕದ ಕುದಿಬಿಂದು 70 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿದ್ದು, ಗಾಳಿಯಲ್ಲಿ ಅದರ ಆವಿ 200 ಪಿಪಿಎಂಗಿಂತ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 200 ಪಾಲು) ಕಡಿಮೆ ಇದ್ದರೆ, ಸಾಮಾನ್ಯ ದುಡಿಮೆಯಲ್ಲಿ ಡಬ್ಬಿಗೆ ಸುಮಾರು 8 ಗಂಟೆ. ತೇವಾಂಶ ಶೇ 85 ದಾಟಿದರೆ ಅದರರ್ಧ. ಮೈ ಮುರಿದು ದುಡಿದು ಏದುಸಿರು ಬಿಟ್ಟರೆ ಇನ್ನೂ ಕಡಿಮೆ. ಥಿನ್ನರಿನಲ್ಲಿ ಬರುವ ದ್ರಾವಕಗಳಲ್ಲಿ ಟಾಲ್ವೀನ್ ಸುಮಾರು 111 ಡಿಗ್ರಿಯಲ್ಲಿ ಕುದಿಯುತ್ತದೆ, ಅಸಿಟೋನ್ 56ರಲ್ಲೇ. ಅಸಿಟೋನಿನಂಥವು ಇದ್ದಿಲಿನಲ್ಲಿ ನಿಲ್ಲುವುದಿಲ್ಲ. ರಾತ್ರಿ ಬಿಚ್ಚಿಟ್ಟರೂ ಒಳಗೊಳಗೇ ಸರಿದು ಬೆಳಿಗ್ಗೆ ನಿಮ್ಮ ಕಡೆಗೇ ಹೊರಡುತ್ತವೆ. ಅಂಥ ಕೆಲಸ ಮಾಡಿದ ದಿನವೇ ಡಬ್ಬಿಯನ್ನು ಎಸೆಯುತ್ತೇನೆ, ಎಷ್ಟೇ ಹೊಟ್ಟೆ ಉರಿದರೂ.

ಉಳಿದ ಡಬ್ಬಿಗಳ ಮೇಲೆ ತೆರೆದ ದಿನಾಂಕವನ್ನೂ ಬಳಸಿದ ಗಂಟೆಗಳನ್ನೂ ಮಾರ್ಕರಿನಲ್ಲಿ ಬರೆಯುತ್ತೇನೆ. ಕೆಲಸ ಮುಗಿದೊಡನೆ ಗಾಳಿಯಾಡದ ಚೀಲಕ್ಕೆ ಹಾಕುತ್ತೇನೆ. ಹೊರಗಿಟ್ಟ ಇದ್ದಿಲು ಸುಮ್ಮನಿರುವುದಿಲ್ಲ, ಕೋಣೆಯ ತೇವವನ್ನೂ ಆವಿಯನ್ನೂ ಹೀರುತ್ತಲೇ ಇರುತ್ತದೆ. ಡಬ್ಬಿಯ ಮುಂದಿನ ತೆಳು ಪೂರ್ವಫಿಲ್ಟರ್ ಬಣ್ಣದ ಹನಿಗಳಿಂದ ಬೇಗ ಕಟ್ಟಿಕೊಳ್ಳುತ್ತದೆ, ಅದನ್ನು ಬೇರೆಯಾಗಿ ಬದಲಿಸಿ.

ಗಟ್ಟಿಯಾಗಲು ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆಯುವವರಿಗೆ ಇನ್ನೊಂದು ಮಾತು. ಹಾರ್ಡನರಿನಲ್ಲಿರುವ ಐಸೊಸೈನೇಟ್ ಎಂಬ ರಾಸಾಯನಿಕ ಅಪಾಯದ ಮಟ್ಟ ಮುಟ್ಟಿದರೂ ಮೂಗಿಗೆ ತಿಳಿಯದಿರಬಹುದು. ಅದು ಅಸ್ತಮಾ ತರಬಲ್ಲದು. ಅಲ್ಲಿ ಗಂಟೆಯ ಲೆಕ್ಕವನ್ನು ಒಂದು ದಿನವೂ ತಪ್ಪಿಸಬೇಡಿ. ಸಾಧ್ಯವಿದ್ದರೆ ಕೊಳವೆಯಿಂದ ಶುದ್ಧ ಗಾಳಿ ಬರುವ ಮಾಸ್ಕನ್ನೇ ತೊಡಿ.