ಪಲ್ಲಾಡಿಯಂ ಬಿಟ್ಟು ಕಬ್ಬಿಣ ಹಿಡಿದೆ: ನನ್ನ ಅನುಭವ

ಔಷಧದ ಕಚ್ಚಾವಸ್ತು ಮಾಡಲು ಪಲ್ಲಾಡಿಯಂ ಎಂಬ ದುಬಾರಿ ಲೋಹದ ಬದಲು ಕಬ್ಬಿಣ ಬಳಸುವ ಮಾತೆತ್ತಿದಾಗ ಈ ಕ್ಷೇತ್ರದ ಹಿರಿಯರೊಬ್ಬರು, ‘ತುಕ್ಕು ಹಾಕಿ ಔಷಧ ಮಾಡ್ತೀಯೇನಪ್ಪಾ?’ ಅಂದಿದ್ದರು. ಈಗ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ನನ್ನ ಸಣ್ಣ ಲ್ಯಾಬಿನಲ್ಲಿ ಬ್ಯಾಚ್ ಮೇಲೆ ಬ್ಯಾಚ್ ಇಳಿಯುತ್ತಿದೆ, ಕಬ್ಬಿಣದಲ್ಲೇ.

ನಮ್ಮ ಸರಕು 3-ಕ್ಲೋರೋ-4-ಫ್ಲೋರೋಅನಿಲಿನ್. ಆಂಟಿಬಯಾಟಿಕ್ ನಾರ್‌ಫ್ಲಾಕ್ಸಾಸಿನ್‌ಗೂ ಬೇಕು, ಕ್ಯಾನ್ಸರ್ ಔಷಧ ಗೆಫಿಟಿನಿಬ್‌ಗೂ ಬೇಕು. ಇದನ್ನು ಮಾಡಲು ಮೂಲ ಸರಕಿನ ನೈಟ್ರೋ ಗುಂಪನ್ನು ಅಮೈನ್ ಗುಂಪಾಗಿ ಇಳಿಸಬೇಕು. ಅದಕ್ಕೆ ಪಲ್ಲಾಡಿಯಂ ಕಾರ್ಬನ್ (ಇದ್ದಿಲಿನ ಮೇಲೆ ಕೂರಿಸಿದ ಪಲ್ಲಾಡಿಯಂ) ಹಾಕಿದರೆ ಕ್ಲೋರಿನ್ನೂ ಕಿತ್ತು ಹೋಗುತ್ತದೆ. ನೂರಕ್ಕೆ ನಾಲ್ಕೈದು ಪಾಲು, ಕ್ಲೋರಿನ್ ಕಳೆದುಕೊಂಡ 4-ಫ್ಲೋರೋಅನಿಲಿನ್ ಬೆರೆತು, ಅದನ್ನು ಬೇರ್ಪಡಿಸುವಷ್ಟರಲ್ಲಿ ಲಾಭವೆಲ್ಲ ತೊಳೆದುಹೋಗುತ್ತಿತ್ತು. 10 ಗ್ರಾಂ ಕ್ಯಾಟಲಿಸ್ಟಿಗೇ (ರಿಯಾಕ್ಷನ್ನಿಗೆ ವೇಗ ಕೊಡುವ ಈ ಪಲ್ಲಾಡಿಯಂ ಕಾರ್ಬನ್ನಿಗೇ) ₹15,000ದ ಆಸುಪಾಸು ಕೊಟ್ಟ ನೆನಪು. ಮೇಲೆ ಉಳಿಕೆಯ ತಲೆನೋವು: ದಿನಕ್ಕೆ 10 ಗ್ರಾಂವರೆಗೆ ನುಂಗುವ ಔಷಧದಲ್ಲಿ ಪಲ್ಲಾಡಿಯಂ 10 ಪಿಪಿಎಂ (ಹತ್ತು ಲಕ್ಷಕ್ಕೆ ಹತ್ತು ಪಾಲು) ದಾಟುವಂತಿಲ್ಲ.

ಮೊದಲು 1854ರ ಬೆಶಾಂಪ್ ದಾರಿ ಹಿಡಿದೆ, ಕಬ್ಬಿಣದ ಪುಡಿ ಮತ್ತು ಆಸಿಡ್. ಕ್ಲೋರಿನ್ ಅಲುಗಲಿಲ್ಲ, ನಿಜ. ಆದರೆ ಆ ಕರಿ ಕೆಸರು! ಫಿಲ್ಟರ್ ಬಟ್ಟೆಗೆ ಗಾರೆ ಬಳಿದ ಹಾಗೆ ಕೂತು ಹನಿಯೂ ಇಳಿಯದು. ಅಮೈನ್, ಅಂದರೆ ನಮ್ಮ ಸರಕು, ಅದರೊಳಗೇ ಸಿಕ್ಕಿಕೊಂಡು ಯೀಲ್ಡ್ (ಕೈಗೆ ಸಿಗುವ ಪಾಲು) ನೂರಕ್ಕೆ 70ರ ಕೆಳಗೇ ನಿಂತಿತು. ಕೆಸರು ಸಾಗಿಸುವ ಖರ್ಚು ಬೇರೆ.

ಕೊನೆಗೆ ಕೈಹಿಡಿದದ್ದು ಫೆರಿಕ್ ಕ್ಲೋರೈಡ್ (ಕಬ್ಬಿಣದ ಲವಣ), ಆಕ್ಟಿವೇಟೆಡ್ ಕಾರ್ಬನ್, ನೈಟ್ರೋ ಇಳಿಸುವ 80% ಹೈಡ್ರಜೀನ್ ಹೈಡ್ರೇಟ್, ಮೆಥನಾಲಿನಲ್ಲಿ ರಿಫ್ಲಕ್ಸ್ (ಆವಿಯನ್ನು ತಣಿಸಿ ಮರಳಿಸುತ್ತ ಕುದಿಸುವುದು). ಪೇಪರುಗಳಲ್ಲಿರುವ ದಾರಿಯೇ. ಆದರೆ ದೊಡ್ಡ ಫ್ಲಾಸ್ಕಿಗೆ ಹೋದ ಕೂಡಲೇ ರಿಯಾಕ್ಷನ್ ಅರ್ಧಕ್ಕೆ ನಿಲ್ಲುತ್ತಿತ್ತು. ರಿಯಾಕ್ಷನ್ ಎಲ್ಲಿಗೆ ಬಂತೆಂದು ನೋಡುವ ಟಿಎಲ್‌ಸಿ ಪರೀಕ್ಷೆಯಲ್ಲಿ, ಅರ್ಧಕ್ಕೆ ನಿಂತದ್ದನ್ನು ತೋರಿಸುವ ಆ ಹಳದಿ ಚುಕ್ಕೆ ಜಪ್ಪಯ್ಯ ಅಂದರೂ ಹೋಗದು. ಗುಟ್ಟು ಇದ್ದದ್ದು ಕಾರ್ಬನ್ನಿನಲ್ಲಿ. ತೆಂಗಿನ ಚಿಪ್ಪಿನ ಕಾರ್ಬನ್ನೇ ಆಗಬೇಕು, ಹಾಕುವ ಮುಂಚೆ ಅದಕ್ಕೊಂದು ಸಂಸ್ಕಾರವಿದೆ. ಅದೇನೆಂದು ಇಲ್ಲಿ ಬರೆಯಲಾರೆ, ಹೊಟ್ಟೆಪಾಡಿನ ಮಾತು. ಹೈಡ್ರಜೀನನ್ನು ಮಾತ್ರ ಹನಿಹನಿಯಾಗಿ, ಮೂರು ಗಂಟೆಗೆ ಕಮ್ಮಿಯಿಲ್ಲದಂತೆ ಬಿಡಿ. ಒಮ್ಮೆಲೇ ಸುರಿದರೆ ನೈಟ್ರೋಜನ್ ಎದ್ದು ಸರಕೆಲ್ಲ ಕಂಡೆನ್ಸರಿಗೆ ಉಕ್ಕುತ್ತದೆ. ಬಿಸಿಯಿರುವಾಗಲೇ ಸೀಲೈಟ್ (ಸೋಸಲು ಬಳಸುವ ಪುಡಿ) ಮೇಲೆ ಸೋಸಿದರೆ ಹತ್ತು ನಿಮಿಷದಲ್ಲಿ ತಿಳಿಯಾಗಿ ಇಳಿಯುತ್ತದೆ. ಬೆಶಾಂಪ್ ಕೆಸರಿನ ಜೊತೆ ರಾತ್ರಿಯಿಡೀ ಗುದ್ದಾಡಿದವರಿಗೆ ಈ ಹತ್ತು ನಿಮಿಷದ ಬೆಲೆ ಗೊತ್ತು.

ನಡುವೆ ನಮ್ಮೂರ ಮಂಡಕ್ಕಿ ಭಟ್ಟಿಯ ಹೊಟ್ಟಿನ ಇದ್ದಿಲನ್ನೂ ಬಿಡದೆ ನೋಡಿದೆ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಜಾಸ್ತಿ. ಕಾಸ್ಟಿಕ್‌ನಲ್ಲಿ ಕುದಿಸಿ ಅದನ್ನು ತೆಗೆದ ಮೇಲೆ ರಿಯಾಕ್ಷನ್ ಓಡಿತು, ಆದರೆ ಹೆಚ್ಚುಕಮ್ಮಿ ಎರಡು ಪಟ್ಟು ಹೊತ್ತು ಹಿಡಿಯಿತು. ಪುಕ್ಕಟೆ ಸಿಗುವ ಮಾಲು, ಇನ್ನೂ ಕೈಬಿಟ್ಟಿಲ್ಲ.

ಈಗ ತೆಂಗಿನ ಚಿಪ್ಪಿನ ಕಾರ್ಬನ್ನಿನಲ್ಲಿ ಯೀಲ್ಡ್ ನೂರಕ್ಕೆ 90ರ ಮೇಲೆ, ಕ್ಲೋರಿನ್ ಕಳಚಿದ್ದು ಎಚ್‌ಪಿಎಲ್‌ಸಿಯಲ್ಲಿ (ಶುದ್ಧತೆ ಅಳೆಯುವ ಯಂತ್ರದಲ್ಲಿ) ಕಾಣುವುದೇ ಇಲ್ಲ. ಕೆಜಿ ಅಮೈನಿಗೆ ಕಬ್ಬಿಣ, ಕಾರ್ಬನ್ ಸೇರಿ ನೂರು ರೂಪಾಯಿ ಮುಟ್ಟದು. ಹೈಡ್ರಜೀನ್ ವಿಷ, ಕ್ಯಾನ್ಸರ್ ತರಬಲ್ಲದು. ಮಾಡುವವರು ಫ್ಯೂಮ್ ಹುಡ್ (ವಿಷದ ಆವಿ ಹೊರಗೆಳೆಯುವ ಗೂಡು) ಮತ್ತು ಹೈಡ್ರಜೀನ್ ಉಳಿಕೆ ಪರೀಕ್ಷೆಯ ಖರ್ಚನ್ನು ಮೊದಲೇ ರೇಟಿಗೆ ಸೇರಿಸಿಕೊಳ್ಳಿ. ಅದೆಲ್ಲ ಹಿಡಿದರೂ ಪಲ್ಲಾಡಿಯಂಗಿಂತ ಅಗ್ಗವೇ.