ಮೊದಲು ಕ್ಲೀನಿಂಗ್, ಆಮೇಲೆ ರೂಟ್ ಕೆನಾಲ್

ಬೆಂಗಳೂರಿನಲ್ಲಿ ಹಲ್ಲಿನ ಕ್ಲಿನಿಕ್‌ಗಳಿಗೆ ಬರವಿಲ್ಲ. ನಮ್ಮ ವಿಜಯನಗರದಲ್ಲೇ ಬೇಕಾದಷ್ಟಿವೆ. ನಂಬುವುದು ಯಾರನ್ನು ಅನ್ನುವುದೇ ಕಷ್ಟ.

ಒಂದು ಉಚಿತ ತಪಾಸಣೆಯಲ್ಲಿ ಟಾರ್ಚ್ ಹಾಕಿ ನೋಡಿದವರು, "ಮೂರು ರೂಟ್ ಕೆನಾಲ್, ಮೂರು ಕ್ಯಾಪ್, ಈ ವಾರವೇ ಬಂದ್ರೆ ಡಿಸ್ಕೌಂಟ್" ಅಂದರು. ಎಕ್ಸ್‌ರೇ ತೆಗೆದಿರಲಿಲ್ಲ. ನನಗೆ ನೋವಿದ್ದದ್ದು ಒಂದೇ ದವಡೆ ಹಲ್ಲಿನಲ್ಲಿ!

ವಿಕ್ಟೋರಿಯಾ ಆಸ್ಪತ್ರೆ ಹತ್ತಿರದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೆ ಹೋದೆ. ಅಲ್ಲಿ ಮೊದಲು ವಿದ್ಯಾರ್ಥಿಗಳು ನೋಡುತ್ತಾರೆ, ಆಮೇಲೆ ಮೇಷ್ಟ್ರು ಬಂದು ಪರೀಕ್ಷಿಸುತ್ತಾರೆ. ಕಾಯಬೇಕು, ನಿಜ. ಆದರೆ ಅಲ್ಲಿ ಯಾರಿಗೂ ನನಗೆ ಕ್ಯಾಪ್ ಮಾರುವ ಆತುರವಿರಲಿಲ್ಲ. ಎಕ್ಸ್‌ರೇ ನೋಡಿ ಹೇಳಿದರು: ಒಂದಕ್ಕೆ ರೂಟ್ ಕೆನಾಲ್, ಇನ್ನೊಂದಕ್ಕೆ ಫಿಲ್ಲಿಂಗ್, ಮೂರನೆಯದು ಬರೀ ಕಲೆ. ರಜೆ ಹಾಕಿ ಮತ್ತೆ ಮತ್ತೆ ಅಲ್ಲಿಗೆ ಹೋಗಲು ಆಗುತ್ತಿರಲಿಲ್ಲ. ಹಾಗಾಗಿ ಮನೆ ಹತ್ತಿರವೇ ಒಬ್ಬರನ್ನು ಹುಡುಕತೊಡಗಿದೆ.

ಗೂಗಲ್‌ನ ಸ್ಟಾರ್‌ಗಳನ್ನು ನಾನು ಜಾಸ್ತಿ ನಂಬಲಿಲ್ಲ. ಗೋಡೆ ನೋಡಿದೆ. ಕರ್ನಾಟಕ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯಾ, ಖಾಸಗಿ ಕ್ಲಿನಿಕ್ ನಡೆಸಲು ಬೇಕಾದ ಕೆಪಿಎಂಇ ಪ್ರಮಾಣಪತ್ರ ಇದೆಯಾ ಅಂತ. ದಂತ ವೈದ್ಯರ ಮೊದಲ ಪದವಿ ಬಿಡಿಎಸ್ ಅಷ್ಟೇ ಮಾಡಿದವರೂ ರೂಟ್ ಕೆನಾಲ್ ಮಾಡುತ್ತಾರೆ. ಆದರೆ ಹಿಂದಿನ ದವಡೆ ಹಲ್ಲಿನೊಳಗೆ ಸಾಮಾನ್ಯವಾಗಿ ಮೂರು–ನಾಲ್ಕು ನಾಳಗಳಿರುತ್ತವೆ, ಒಂದು ತಪ್ಪಿದರೂ ನೋವು ಮರಳಬಹುದು. ಅದಕ್ಕೇ ಎಂಡೋಡಾಂಟಿಕ್ಸ್‌ನಲ್ಲಿ, ಅಂದರೆ ರೂಟ್ ಕೆನಾಲ್‌ನಂಥ ಚಿಕಿತ್ಸೆಯ ವಿಭಾಗದಲ್ಲಿ, ಎಂಡಿಎಸ್ ಎಂಬ ಸ್ನಾತಕೋತ್ತರ ಪದವಿ ಮಾಡಿದವರು ಬೇಕೆನಿಸಿತು.

ಅಂಥವರೊಬ್ಬರು ಸಿಕ್ಕಾಗಲೂ ನೇರವಾಗಿ ರೂಟ್ ಕೆನಾಲ್‌ಗೆ ಕೂರಲಿಲ್ಲ. ಮೊದಲು ಸುಮ್ನೆ ಕ್ಲೀನಿಂಗ್ ಮಾಡಿಸಿದೆ. ಹೆಣ್ಣು ನೋಡಲು ಹೋದ ಹಾಗೆ, ನೋಡಬೇಕಾದ್ದೆಲ್ಲ ಅಲ್ಲೇ ಕಾಣುತ್ತದೆ. ಸಲಕರಣೆಗಳು ಆಟೋಕ್ಲೇವ್ ಮಾಡಿದ, ಅಂದರೆ ಬಿಸಿ ಹಬೆಯಲ್ಲಿ ಕ್ರಿಮಿ ಕೊಂದ, ಪೌಚ್‌ನಲ್ಲಿದ್ದವು, ನನ್ನೆದುರೇ ಹರಿದು ತೆಗೆದರು. ನಡುವೆ ಡಾಕ್ಟರ್ ಫೋನ್ ಮುಟ್ಟಿದರು, ಗ್ಲೌಸ್ ಬದಲಾಯಿಸಿಯೇ ಮತ್ತೆ ಬಾಯಿಗೆ ಕೈ ಹಾಕಿದರು. ಅಲ್ಲಿಗೆ ಅರ್ಧ ನಂಬಿಕೆ ಬಂತು.

ಇನ್ನರ್ಧ ಬಂದದ್ದು ಒಂದು ಪ್ರಶ್ನೆಯಿಂದ. "ಮೇಡಂ, ಇದನ್ನ ಹೀಗೇ ಬಿಟ್ರೆ ಏನಾಗುತ್ತೆ?" ಅಂದೆ. ಅವರು ಎಕ್ಸ್‌ರೇ ಪರದೆಯನ್ನು ನನ್ನತ್ತ ತಿರುಗಿಸಿದರು. ಹುಳುಕು ನರದವರೆಗೆ ಇಳಿದದ್ದನ್ನು ತೋರಿಸಿದರು. ಕಲೆ ಇದ್ದ ಹಲ್ಲಿಗೆ, "ಅದನ್ನ ಈಗ ಮುಟ್ಟೋದೇ ಬೇಡ, ಆರು ತಿಂಗಳು ಬಿಟ್ಟು ನೋಡೋಣ" ಅಂದರು. ಕಾಲೇಜಿನಲ್ಲಿ ಹೇಳಿದ್ದಕ್ಕೂ ಇದಕ್ಕೂ ತಾಳೆಯಾಯಿತು.

ಖರ್ಚನ್ನೂ ಬಿಡಿಸಿ ಬರೆದುಕೊಟ್ಟರು. ರೂಟ್ ಕೆನಾಲ್‌ಗೆ ಇಷ್ಟು, ಕ್ಯಾಪ್‌ಗೆ ಇಷ್ಟು, ಲೋಹದ ಮೇಲೆ ಸೆರಾಮಿಕ್ ಇದ್ದರೆ ಒಂದು ಬೆಲೆ, ಜಿರ್ಕೋನಿಯಾ ಆದರೆ ಇನ್ನೊಂದು. ಕೆಲಸ ಮಾಡುವಾಗ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರು. ಎಂಜಲು ಹಲ್ಲಿನೊಳಗೆ ಹೋಗಬಾರದು, ಸೂಜಿಯಂಥ ಫೈಲ್ ಗಂಟಲಿಗೆ ಜಾರಬಾರದು ಅಂತ. ಇದನ್ನು ಎಲ್ಲರೂ ಕಟ್ಟುವುದಿಲ್ಲ, ಕೇಳಿ ನೋಡಿ.

ಆಮೇಲೆ ಹಲ್ಲು ಕೀಳಿಸಲು ಅಮ್ಮನನ್ನೂ ಅಲ್ಲಿಗೇ ಕರೆದುಕೊಂಡು ಹೋದೆ. ಡಾಕ್ಟರ್ ಬಾಯಿ ನೋಡುವ ಮುಂಚೆ ಶುಗರ್, ಬಿಪಿ ವಿಚಾರಿಸಿದರು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಾರೆ ಅಂತ ಗೊತ್ತಾದ ಕೂಡಲೇ, ಹೃದಯದ ಡಾಕ್ಟರ್ ಹತ್ರ ಬರೆಸಿಕೊಂಡು ಬನ್ನಿ, ನೀವಾಗೇ ಮಾತ್ರೆ ನಿಲ್ಲಿಸಬೇಡಿ ಅಂತ ಹೇಳಿ ವಾಪಸ್ ಕಳಿಸಿದರು. ಅಮ್ಮ ಆಟೋದಲ್ಲಿ ದಾರಿಯುದ್ದಕ್ಕೂ ಗೊಣಗಿದರು. ನನಗಂತೂ ಸಮಾಧಾನವೇ ಆಯಿತು.